ನಮ್ಮ ಬೆನ್ನಿಗಿರುವ ಬೆಟ್ಟ

ಕಳೆದ ಚಳಿಗಾಲದ ಮೊದಲಲ್ಲಿ ಸಾಂತಾಕ್ರೂಜ್ ಪೂರ್ವದಲ್ಲಿ ಸೇರಿದ ಒಂದು ಸಭೆಯಲ್ಲಿ ನಾನು ಸೋತೆ. ಸೋಲು ಸಣ್ಣದು, ಆದರೆ ಸೋತ ವಿಷಯ ಸಣ್ಣದಲ್ಲವೆಂದು ಇಂದಿಗೂ ತೋರುತ್ತಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಸದಸ್ಯನಾಗಿರುವ ಕನ್ನಡ ಬಳಗವೊಂದರ ಸಮಿತಿ ವಾರ್ಷಿಕ ವಿಹಾರದ ಸ್ಥಳವನ್ನು ಗೊತ್ತುಪಡಿಸಲು ಕೂಡಿತ್ತು. ನನ್ನ ಸೂಚನೆ ಇಷ್ಟೇ: ಈ ಸಲ ಬಸ್ಸು ಬೇಡ, ರಿಸಾರ್ಟು ಬೇಡ, ಮಕ್ಕಳುಮರಿಗಳೊಂದಿಗೆ ರೈಲು ಹಿಡಿದು ಲೋಣಾವಳಾ ದಾಟಿ ಮಳವಲಿಯಲ್ಲಿ ಇಳಿಯೋಣ, ಕಾರ್ಲಾ ಬೆಟ್ಟವನ್ನು ಹತ್ತೋಣ, ಬುತ್ತಿ ಬಿಚ್ಚಿ ಉಂಡು ಸಂಜೆಗೆ ಮರಳೋಣ. ಒಬ್ಬರು ನಕ್ಕರು. ಇನ್ನೊಬ್ಬರು, "ಕಲ್ಲುಮಣ್ಣು ನೋಡಲಿಕ್ಕೆ ಯಾರು ಬರುತ್ತಾರೆ ಸ್ವಾಮಿ?" ಎಂದು ಕೇಳಿದರು. ಮೂರನೆಯವರು ನಯವಾಗಿ, "ಅದೆಲ್ಲ ಮರಾಠಿ ಹುಡುಗರ ಹವ್ಯಾಸ, ನಮಗೆ ಒಗ್ಗುವುದಲ್ಲ" ಎಂದು ತೀರ್ಪು ಕೊಟ್ಟರು. ನೀರಾಟದ ತೊಟ್ಟಿಗಳಿರುವ ರಿಸಾರ್ಟೊಂದು ಬಹುಮತದಿಂದ ಗೆದ್ದಿತು.

ನಾನೂ ಹೋದೆ. ಎರಡು ಬಸ್ಸು, ದಾರಿಯುದ್ದಕ್ಕೂ ಇಡ್ಲಿ, ಅಂತ್ಯಾಕ್ಷರಿ, ಹಿಂದಿ ಚಿತ್ರ. ಬಸ್ಸು ಘಟ್ಟದ ಬುಡದಲ್ಲಿ ಸಾಗುತ್ತಿರುವಾಗ ಬೆಳಗಿನ ಬಿಸಿಲು ಟಿ.ವಿ.ಯ ಮೇಲೆ ಬಿದ್ದು ಚಿತ್ರ ಮಸುಕಾಯಿತು. ಯಾರೋ ಎದ್ದು ಕಿಟಕಿಯ ಪರದೆಗಳನ್ನು ಒಂದೊಂದಾಗಿ ಎಳೆದರು. ಸಹ್ಯಾದ್ರಿ ಆಚೆ ಉಳಿಯಿತು. ನಾವು ಈಚೆ ಉಳಿದೆವು. ಆ ಎಳೆದ ಪರದೆಯ ಕುರಿತೇ ನನ್ನ ತಕರಾರು.

ಮೊದಲು "ಮರಾಠಿ ಹುಡುಗರ ಹವ್ಯಾಸ" ಎಂಬ ಮಾತನ್ನು ನೋಡೋಣ. ಶನಿವಾರ ರಾತ್ರಿ ದಾದರಿನ ಮಧ್ಯ ರೈಲ್ವೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಗೊತ್ತು: ಕರ್ಜತ್ ಮತ್ತು ಕಸಾರಾದ ಕಡೆಯ ಗಾಡಿಗಳಿಗೆ ಬೆನ್ನಚೀಲ ಹೊತ್ತ ಗುಂಪುಗಳು ಹತ್ತುತ್ತವೆ. ಅವರಲ್ಲಿ ಮರಾಠಿಗರೇ ಹೆಚ್ಚೆಂಬುದು ನಿಜ. ಗಿರಿವಿಹಾರದಂಥ ಪರ್ವತಾರೋಹಣ ಸಂಸ್ಥೆ 1954ರಷ್ಟು ಹಿಂದೆಯೇ ಈ ನಗರದಲ್ಲಿ ಹುಟ್ಟಿತು, ಗೋ. ನೀ. ದಾಂಡೇಕರ್ ಕೋಟೆಗಳನ್ನು ಕಾಲ್ನಡೆಯಲ್ಲಿ ಸುತ್ತಿ ಬರೆದ ಬರಹಗಳನ್ನು ಓದಿ ಒಂದೆರಡು ತಲೆಮಾರುಗಳು ಬೆಟ್ಟ ಹತ್ತಿದವು. ಆದರೆ ಇಂಗ್ಲಿಷಿನಲ್ಲಿ ಸಹ್ಯಾದ್ರಿಯ ಚಾರಣಕ್ಕೆ ಕೈಪಿಡಿಯೆನಿಸಿದ ಪುಸ್ತಕವನ್ನು ಬರೆದ ಮುಂಬಯಿಯ ಹರೀಶ್ ಕಪಾಡಿಯಾ ಮರಾಠಿಗರಲ್ಲ. ಆ ಗಾಡಿಗಳಲ್ಲಿ ಗುಜರಾತಿಗಳಿದ್ದಾರೆ, ತಮಿಳರಿದ್ದಾರೆ, ಬಂಗಾಳಿಗಳಿದ್ದಾರೆ. ಬೆಟ್ಟ ಯಾರಿಂದಲೂ ಜಾತಿಪತ್ರವನ್ನು ಕೇಳಿಲ್ಲ. ಕನ್ನಡದ ಹುಡುಗ ಹುಡುಗಿಯರೂ ಅಲ್ಲಲ್ಲಿ ಇದ್ದಾರೆ. ಆದರೆ ಅವರು ತಮ್ಮ ಕಚೇರಿಯ ಗೆಳೆಯರೊಂದಿಗೆ ಹೋಗುತ್ತಾರೆ, ಕನ್ನಡ ಬಳಗದೊಂದಿಗಲ್ಲ. ಅವರಿಗೆ ಬೇಕಾದದ್ದು ನಮ್ಮಲ್ಲಿ ದೊರೆಯದ ಕಾರಣ ಅವರು ನಮ್ಮ ಸಭೆಗಳಿಗೂ ಬರುವುದಿಲ್ಲ. "ಯುವಜನರು ಬರುತ್ತಿಲ್ಲ" ಎಂದು ಪ್ರತಿ ವರ್ಷದ ವರದಿಯಲ್ಲಿ ಕೊರಗುವ ನಾವು ಅವರು ಎಲ್ಲಿಗೆ ಹೋಗುತ್ತಾರೆಂದು ಒಮ್ಮೆಯಾದರೂ ವಿಚಾರಿಸಿದ್ದೇವೆಯೆ?

ಇನ್ನು "ನಮಗೆ ಒಗ್ಗುವುದಲ್ಲ" ಎಂಬ ಮಾತು. ಮುಂಬಯಿಯ ಕನ್ನಡಿಗರಲ್ಲಿ ಬಹುಪಾಲು ಜನ ಎಲ್ಲಿಯವರು? ಸಹ್ಯಾದ್ರಿಯ ಕೆರಗಿನವರು, ಇಲ್ಲವೆ ಅದರ ಮೇಲಿನವರು. ನನ್ನ ತಂದೆ ಕೊಡಚಾದ್ರಿಯ ತಪ್ಪಲಿನ ಹಳ್ಳಿಯವರು. ದನ ಮೇಯಿಸುತ್ತ ಗುಡ್ಡ ಹತ್ತಿಳಿದ ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ ಈ ನಗರಕ್ಕೆ ಬಂದು, ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದರು. ಅಂಗಡಿ ಮತ್ತು ಸಂಸ್ಥೆಗಳ ಕಾನೂನು 1948ರಲ್ಲೇ ಬಂದಿದ್ದರೂ ವಾರದ ರಜೆಯೆಂಬುದು ಅವರ ಪಾಲಿಗೆ ಕಾಗದದ ಮೇಲೆಯೇ ಉಳಿಯಿತು. ಬೆಟ್ಟಕ್ಕೆ ಹೋಗಲು ಅವರಿಗೆ ಭಾನುವಾರವೇ ಇರಲಿಲ್ಲ. ಪುಣೆ, ಬೆಳಗಾವಿಯ ಮಾರ್ಗವಾಗಿ ಊರಿಗೆ ಹೋಗುವ ಬಸ್ಸು ಖಂಡಾಳಾ ಘಟ್ಟವನ್ನು ಏರುವಾಗ ಮಾತ್ರ ಅವರು ನಿದ್ದೆ ಮಾಡುತ್ತಿರಲಿಲ್ಲ. ಒಮ್ಮೆ ನನ್ನನ್ನು ತಟ್ಟಿ ಎಬ್ಬಿಸಿ, "ಇದೂ ನಮ್ಮ ಘಟ್ಟವೇ ಮಾರಾಯ, ಕಲ್ಲು ಮಾತ್ರ ಕಪ್ಪು" ಎಂದರು. ಶಾಲೆಯ ಭೂಗೋಳ ನನಗೆ ಕಲಿಸದಿದ್ದ ಪಾಠವದು. ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ಸಮೀಪದ ವರೆಗೆ 1600 ಕಿಲೋಮೀಟರು ಚಾಚಿದ ಈ ಬೆಟ್ಟಸಾಲಿನ ಉತ್ತರ ಭಾಗ ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ದಕ್ಷಿಣದ್ದು ಅದಕ್ಕಿಂತ ಎಷ್ಟೋ ಹಳೆಯ ಶಿಲೆ. ಕಲ್ಲು ಬೇರೆಯಾದರೂ ಬೆನ್ನು ಒಂದೇ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ವಿಜಯಪುರ, ಕಲಬುರ್ಗಿಗಳ ಹೊಲಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. ಆ ಕೃಷ್ಣೆ ಮಹಾಬಳೇಶ್ವರದಿಂದ ಬಂದವಳು. ಈಚಿನ ಜನ ಆಚಿನವರನ್ನು ಕರೆಯುವ ಹೆಸರೂ ಒಂದೇ: ನಮ್ಮ ಕರಾವಳಿಯಲ್ಲಿ "ಘಟ್ಟದವರು", ಮುಂಬಯಿಯಲ್ಲಿ ತುಸು ತಿರಸ್ಕಾರದೊಂದಿಗೆ "ಘಾಟಿ".

ಹಾಗಿರುವಾಗ ಒಗ್ಗದಿರುವುದು ಬೆಟ್ಟವೆ? ಅಲ್ಲ, ನಡೆಯುವುದು. ಬಡತನದಲ್ಲಿ ನಡೆದು ನಡೆದು ಬಂದ ಸಮುದಾಯಕ್ಕೆ ನಡಿಗೆಯೆಂದರೆ ಬಡತನದ ನೆನಪು. ಕೈಯಲ್ಲಿ ನಾಲ್ಕು ಕಾಸಾದ ಮೇಲೂ ನಡೆಯುವುದೆ ಎಂಬ ಸಂಕೋಚ ನಮ್ಮ ಹಿರಿಯರಲ್ಲಿ ಇತ್ತು. ಅದನ್ನು ನಾನು ಹೀಯಾಳಿಸುವುದಿಲ್ಲ. ತಂದೆಗೆ ದೊರೆಯದ ಭಾನುವಾರ ನನಗೆ ದೊರೆತಿದೆ. ಅದನ್ನು ಪರದೆ ಎಳೆದ ಬಸ್ಸಿನಲ್ಲಿ ಕಳೆದರೆ ಅವರ ದುಡಿಮೆಗೆ ನಾನು ಮಾಡುವ ಗೌರವವೇನು?

ಕಾರ್ಲಾವನ್ನೇ ಏಕೆ ಸೂಚಿಸಿದೆನೆಂಬುದನ್ನೂ ಹೇಳಬೇಕು. ಅಲ್ಲಿಯ ಚೈತ್ಯಗೃಹ ನಮ್ಮ ದೇಶದ ಕಲ್ಲಿನಲ್ಲಿ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ಅದರ ಮುಂಭಾಗದಲ್ಲಿ ಬ್ರಾಹ್ಮೀ ಲಿಪಿಯ ಒಂದು ಪ್ರಾಕೃತ ಶಾಸನವಿದೆ. ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂಬವನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂಬುದು ಅದರ ಸಾರ. ವೈಜಯಂತಿಯನ್ನು ವಿದ್ವಾಂಸರು ನಮ್ಮ ಉತ್ತರ ಕನ್ನಡದ ಬನವಾಸಿಯೆಂದು ಗುರುತಿಸುತ್ತ ಬಂದಿದ್ದಾರೆ. ಸುಮಾರು 2000 ವರ್ಷಗಳ ಹಿಂದೆ ಬನವಾಸಿಯ ವ್ಯಾಪಾರಿಯೊಬ್ಬ ಈ ಘಟ್ಟದ ನೆತ್ತಿಯಲ್ಲಿ ತನ್ನ ಊರಿನ ಹೆಸರನ್ನು ಕಲ್ಲಿನಲ್ಲಿ ಬರೆಸಿದ. ಹೊರನಾಡಿನಲ್ಲಿ ಗಳಿಸಿ ಹೊರನಾಡಿಗೇ ಏನನ್ನಾದರೂ ಕೊಟ್ಟುಹೋದ ಆ ಹಿರಿಯನ ಹೆಸರು ನಮ್ಮ ಮಕ್ಕಳಿಗೆ ತಿಳಿಯದು.

ಅಷ್ಟು ದೂರವೂ ಬೇಡವೆನ್ನುವವರು ಸಾಂತಾಕ್ರೂಜಿನಿಂದ ಬೊರಿವಲಿಗೆ ಹೋಗಲಿ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಆರೇಳು ಕಿಲೋಮೀಟರು ಕಾಡಿನ ರಸ್ತೆಯಲ್ಲಿ ನಡೆದರೆ ಕಾನ್ಹೇರಿ. ಕೃಷ್ಣಗಿರಿಯೆಂದು ಶಾಸನಗಳು ಕರೆಯುವ ಆ ಬೆಟ್ಟದ ಗುಹೆಗಳಲ್ಲಿ ಉತ್ತರ ಕೊಂಕಣದ ಶಿಲಾಹಾರರು 9ನೆಯ ಶತಮಾನದಲ್ಲಿ ಬೌದ್ಧ ವಿಹಾರಕ್ಕೆ ಸಂದ ದಾನಗಳನ್ನು ಕೆತ್ತಿಸಿದ್ದಾರೆ. ಅವುಗಳಲ್ಲಿ ತಮ್ಮ ಸಾರ್ವಭೌಮನೆಂದು ಹೆಸರಿಸಿರುವುದು ರಾಷ್ಟ್ರಕೂಟ ಅಮೋಘವರ್ಷನನ್ನು, ಎಂದರೆ ನೃಪತುಂಗನನ್ನು. ಒಂದರ ಕಾಲ ಶಕ 799, ಕ್ರಿಸ್ತಶಕ 877. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ' ಯಾವ ಅರಸನ ಆಸ್ಥಾನದಲ್ಲಿ ಹುಟ್ಟಿತೋ ಆ ಅರಸನ ಹೆಸರು ನಮ್ಮ ಲೋಕಲ್ ರೈಲಿನ ಹಳಿಯ ಪಕ್ಕದ ಬೆಟ್ಟದಲ್ಲಿದೆ. ನಾವು ಪ್ರತಿ ನವೆಂಬರಿನಲ್ಲಿ ಸಭಾಭವನದೊಳಗೆ ನೃಪತುಂಗನ ಜಯಕಾರ ಮಾಡುತ್ತೇವೆ. ಬೊರಿವಲಿಗೆ ಹೋಗುವುದು ಸೀರೆ ಕೊಳ್ಳಲು.

ಇಲ್ಲಿ ಒಂದು ಎಚ್ಚರ ಅಗತ್ಯ. ಈ ಶಾಸನಗಳನ್ನು ಹಿಡಿದು "ಈ ಬೆಟ್ಟ ನಮ್ಮದು" ಎಂದು ಮರಾಠಿಗರೆದುರು ಎದೆ ತಟ್ಟುವವರು ನಮ್ಮಲ್ಲಿ ಹುಟ್ಟಿಕೊಂಡರೆ, ನಾನು ಈ ಲೇಖನವನ್ನು ಬರೆದದ್ದೇ ತಪ್ಪೆಂದು ತಿಳಿಯುವೆ. ಗಡಿಯ ಹೆಸರಿನಲ್ಲಿ ಎರಡೂ ಕಡೆ ಬಸ್ಸಿಗೆ ಕಲ್ಲು ಹೊಡೆದದ್ದು ಸಾಕು. ಕಾರ್ಲಾದ ಶಾಸನ ಪ್ರಾಕೃತದ್ದು, ಕಾನ್ಹೇರಿಯವು ಸಂಸ್ಕೃತದವು, ದಾನ ಸಂದದ್ದು ಬೌದ್ಧ ಭಿಕ್ಷುಗಳಿಗೆ. ಯಾರ ಒಂಟಿ ಒಡೆತನಕ್ಕೂ ಅವು ಸಾಕ್ಷಿ ಹೇಳುವುದಿಲ್ಲ. ಶಿವಾಜಿಯ ತಂದೆ ಶಹಾಜಿ ಬೆಂಗಳೂರನ್ನು ಆಳಿ, 1664ರಲ್ಲಿ ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ತೀರಿಕೊಂಡ; ಆತನ ಸಮಾಧಿ ಅಲ್ಲಿದೆ. 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಲೋಹಗಡವೂ ಒಂದು. ಅದು ನಿಂತಿರುವುದು ಅದೇ ಮಳವಲಿಯ ಇನ್ನೊಂದು ಮಗ್ಗುಲಲ್ಲಿ. ಒಂದು ಭಾನುವಾರ ಭೂತಪಾಲನ ಬೆಟ್ಟ, ಮುಂದಿನ ಭಾನುವಾರ ಶಿವಾಜಿಯ ಬೆಟ್ಟ. ಎರಡನ್ನೂ ಒಂದೇ ನಿಲ್ದಾಣದಿಂದ ಹತ್ತಿದವನ ಮನಸ್ಸಿನಲ್ಲಿ ಗಡಿಗೋಡೆ ನಿಲ್ಲುವುದು ಕಷ್ಟ.

ಸಮಿತಿ ಒಪ್ಪದ ಮೇಲೆ ನಾವು ನಾಲ್ಕು ಮನೆಯವರು ನಮ್ಮಷ್ಟಕ್ಕೆ ಕಾರ್ಲಾಕ್ಕೆ ಹೋದೆವು. ಅಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಮುಖ್ಯ ವಾದ ಸ್ಪಷ್ಟವಾದೀತು. ನನ್ನ ಅಕ್ಕನ ಮೊಮ್ಮಗಳಿಗೆ ಎಂಟು ವರ್ಷ. ಇಂಗ್ಲಿಷ್ ಶಾಲೆ, ಕಟ್ಟಡದ ಅಂಗಳದಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಕೇಳಿದರೂ ಉತ್ತರ ಹಿಂದಿಯಲ್ಲೇ. ಭಾನುವಾರದ ಕನ್ನಡ ತರಗತಿಗೆ ಒಂದು ವರ್ಷ ಕಳುಹಿಸಿ ಆಗಿದೆ. ಅ ಆ ಇ ಈ ಬರೆಯುತ್ತಾಳೆ, ಮಾತನಾಡುವುದಿಲ್ಲ. ಮೆಟ್ಟಿಲ ದಾರಿಯನ್ನು ಬಿಟ್ಟು ಪಕ್ಕದ ಕಾಲುದಾರಿಯಲ್ಲಿ ಸಾಗುವಾಗ ಅಕ್ಕ ಎಚ್ಚರಿಸುತ್ತಿದ್ದಳು: "ಜಾರ್ತದೆ ಮಗಾ, ಅಡ್ಡಹೆಜ್ಜೆ ಹಾಕು. ಆ ಬಂಡೆ ಹಿಡ್ಕೋ. ಒರತೆ ಉಂಟು ನೋಡು, ಪಾಚಿ ಮೇಲೆ ಕಾಲಿಡಬೇಡ." ಈ ಮಾತುಗಳಲ್ಲಿ ಯಾವೊಂದನ್ನೂ ಸಾಂತಾಕ್ರೂಜಿನ ಮೂರನೆಯ ಮಹಡಿಯಲ್ಲಿ ಆಡಬೇಕಾದ ಸಂದರ್ಭ ಬಂದೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ತಾನಾಗಿ ಕೇಳಿದಳು: "ಅಜ್ಜಿ, ಇದು ಗುಡ್ಡವಾ, ಬೆಟ್ಟವಾ?"

ಆಮೇಲೆ ನಡೆದದ್ದು ಒಂದು ವಿಚಾರಗೋಷ್ಠಿಯೇ ಸರಿ. ಧಾರವಾಡದ ಕಡೆಯ ಗೆಳೆಯರು, ಎಲ್ಲವೂ ಗುಡ್ಡವೇ, ಬೆಟ್ಟವೆಂಬುದು ಪುಸ್ತಕದ ಮಾತೆಂದರು. ಮೈಸೂರಿನವರು, ಚಾಮುಂಡಿ ಬೆಟ್ಟವನ್ನು ಗುಡ್ಡವೆಂದವನು ನಮ್ಮೂರಲ್ಲಿ ಬದುಕಿ ಉಳಿಯನೆಂದರು. ಅಕ್ಕ, ನಮ್ಮಲ್ಲಿ ಮನೆಯ ಹಿಂದಿನದು ಗುಡ್ಡೆ, ದೂರದ್ದು ಪರ್ವತ, ನಡುವಿನದು ಹಾಡಿ ಎಂದಳು. ದಿಣ್ಣೆ, ದಿಬ್ಬ, ಮಲೆ, ಕೋಡುಗಲ್ಲು, ಕಮರಿ, ಕಣಿವೆ, ತೊರೆ, ಹಳ್ಳ ಎಂದು ಒಬ್ಬೊಬ್ಬರು ಒಂದೊಂದನ್ನು ಹೆಕ್ಕಿ ತೆಗೆದರು. ಮಗು ಪ್ರತಿಯೊಂದಕ್ಕೂ "ಎಲ್ಲಿ, ತೋರಿಸಿ" ಎಂದು ಕೇಳುತ್ತಿತ್ತು; ತೋರಿಸಲು ಅಲ್ಲಿ ಎಲ್ಲವೂ ಇತ್ತು. ಇಡೀ ದಿನ ಆ ಹುಡುಗಿಯ ಬಾಯಿಂದ ಹಿಂದಿ ಹೊರಟದ್ದು ಎರಡೋ ಮೂರೋ ಸಲ.

ನನ್ನ ವಾದ ಇದು. ಹೊರನಾಡಿನಲ್ಲಿ ನಾವು ಕನ್ನಡವನ್ನು ಸಭಾಭವನದಲ್ಲಿ ಕೂಡಿಹಾಕಿದ್ದೇವೆ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ವಂದನಾರ್ಪಣೆ ಇವುಗಳಿಗೆ ಬೇಕಾದ ಕನ್ನಡವನ್ನು ಜತನದಿಂದ ಕಾಪಾಡಿದ್ದೇವೆ. ಆ ಕನ್ನಡದಲ್ಲಿ ಎಡವುವುದಕ್ಕೆ, ಬಾಯಾರುವುದಕ್ಕೆ, ಹೆದರುವುದಕ್ಕೆ, ಕೈಹಿಡಿದು ಎತ್ತುವುದಕ್ಕೆ ಮಾತುಗಳಿಲ್ಲ. ಮೊಮ್ಮಕ್ಕಳಿಗೆ ಅದು ಭಾಷಣದ ಭಾಷೆಯಾಗಿ ಕೇಳಿಸಿದರೆ ತಪ್ಪು ಅವರದಲ್ಲ. ಭಾಷೆಗೆ ನೆಲ ಬೇಕು. ಊರಿನ ನೆಲ ವರ್ಷಕ್ಕೆ ಹತ್ತು ದಿನ. ಉಳಿದ ದಿನಗಳಿಗೆ ಕಾಲ ಕೆಳಗಿರುವ ಈ ನೆಲವೇ ಗತಿ. ಬರಿಯ ಊರಿನ ಹಂಬಲದಿಂದ ಭಾಷೆ ಉಳಿಯುವುದಾದರೆ ಇಷ್ಟು ಹೊತ್ತಿಗೆ ನಮ್ಮ ಮನೆಗಳಲ್ಲಿ ಉಳಿದಿರಬೇಕಿತ್ತು.

ಬೆಟ್ಟ ಹತ್ತುವುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಈಗ ವಾರಾಂತ್ಯವೆಂಬುದೇ ಒಂದು ವ್ಯಾಪಾರ. ಮಳೆಗಾಲದಲ್ಲಿ ಬಸ್ಸುಗಟ್ಟಲೆ ಜನರನ್ನು ತಂದು ಜಲಪಾತದ ಬುಡದಲ್ಲಿ ಇಳಿಸುತ್ತಾರೆ. ಫೋಟೋ, ಧ್ವನಿಪೆಟ್ಟಿಗೆ, ಪ್ಲಾಸ್ಟಿಕ್ ಬಾಟಲಿ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅದೇ ವರ್ಷದ ಜನವರಿಯಲ್ಲಿ, ಸಾಲು ರಜೆಯೊಂದರಲ್ಲಿ, ನಮ್ಮ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ್ದರಿಂದ ಅರಣ್ಯ ಇಲಾಖೆ ಚಾರಣಕ್ಕೆ ಕಡಿವಾಣ ಹಾಕಬೇಕಾಯಿತು. ಶಿವರಾಮ ಕಾರಂತರು 1943ರಲ್ಲಿ 'ಬೆಟ್ಟದ ಜೀವ'ವನ್ನು ಬರೆದದ್ದು ಆ ಪರ್ವತದ ತಪ್ಪಲಿನ ಬದುಕನ್ನು ಕಂಡು. ನೂಕುನುಗ್ಗಲಿನ ಯಾತ್ರೆಗೂ ನಡಿಗೆಗೂ ನಡುವಿನ ಅಂತರ ತಿಳಿಯಬೇಕಾದರೆ ಆ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ಬೆಟ್ಟದಲ್ಲಿ ಮನುಷ್ಯರಿದ್ದಾರೆ, ಬಂದವನಿಗೆ ಅನ್ನವಿಡುವವರಿದ್ದಾರೆ.

ಇಲ್ಲಿಯ ಬೆಟ್ಟದಲ್ಲೂ ಇದ್ದಾರೆ. ಹಲವು ವರ್ಷಗಳ ಹಿಂದೆ ರಾಯಗಡ ಜಿಲ್ಲೆಯ ಇರ್ಶಾಳಗಡಕ್ಕೆ ಹೋದಾಗ ನಡುದಾರಿಯ ಇರ್ಶಾಳವಾಡಿಯಲ್ಲಿ ಭಾಕರಿ, ಪಿಠಲ ಉಂಡೆವು. ಠಾಕರ್ ಆದಿವಾಸಿಗಳ ಚಿಕ್ಕ ವಾಡಿ. ಬಡಿಸಿದ ಹೆಂಗಸು ನಮ್ಮ ಭಾಷೆ ಯಾವುದೆಂದು ಕೇಳಿ, ಅರ್ಥವಾಗದಿದ್ದರೂ ಇನ್ನಷ್ಟು ಮಾತನಾಡಿಸಿ ನಕ್ಕಳು. 2023ರ ಜುಲೈ 19ರ ರಾತ್ರಿ ಆ ವಾಡಿಯ ಮೇಲೆ ಬೆಟ್ಟ ಜರಿಯಿತು. 27 ಶವಗಳು ದೊರೆತವು. 57 ಜನ ದೊರೆಯಲೇ ಇಲ್ಲ. ಮರುವರ್ಷ, 2024ರ ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹದ ಹೋಟೆಲನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಗಂಗಾವಳಿ ನದಿಗೆ ತಳ್ಳಿತು. ಅದು ನಾವು ಊರಿಗೆ ಹೋಗುವ ರಸ್ತೆ. ಹೋಟೆಲಿಟ್ಟು ಬದುಕು ಕಟ್ಟಿಕೊಂಡ ಸಮುದಾಯ ನಮ್ಮದು. ದಾರಿಹೋಕರಿಗೆ ಬಡಿಸುತ್ತಿದ್ದ ಎರಡು ಮನೆಗಳು ಒಂದೇ ಬೆಟ್ಟಸಾಲಿನ ಎರಡು ಕಡೆ ಮಣ್ಣಾದವು. ನಾವು ಒಂದಕ್ಕೆ ಮರುಗಿ ಇನ್ನೊಂದನ್ನು ಪತ್ರಿಕೆಯ ಪುಟದಂತೆ ಮಗುಚಿಹಾಕಿದೆವು.

ಪಶ್ಚಿಮಘಟ್ಟಗಳ ಬಗೆಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ಸಡಿಲಿಸಿ ಇನ್ನೊಂದನ್ನು ಕೊಟ್ಟಿತು. 2014ರಿಂದ 2024ರೊಳಗೆ ಕೇಂದ್ರ ಸರಕಾರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು; ಸಡಿಲಗೊಂಡ ವರದಿಯನ್ನೂ ಕರ್ನಾಟಕದ ಸಚಿವಸಂಪುಟ 2024ರಲ್ಲಿ ತಿರಸ್ಕರಿಸಿತು. ಮಲೆನಾಡಿನ ಸಣ್ಣ ಹಿಡುವಳಿದಾರನ ಭಯ ಸುಳ್ಳೆಂದು ನಾನು ಹೇಳಲಾರೆ. ಅವನೊಡನೆ ಕುಳಿತು ಮಾತನಾಡದೆ ಮೇಲಿನಿಂದ ಗೆರೆ ಎಳೆದದ್ದು ತಪ್ಪೇ. ಆದರೆ ಈ ಎರಡು ರಾಜ್ಯಗಳ ಬೆಟ್ಟವನ್ನೂ ಬಲ್ಲವರು ನಮ್ಮಷ್ಟು ಬೇರೆ ಯಾರಿದ್ದಾರೆ? ನಾನು ಕುಳಿತ ಹೊರನಾಡ ಸಭೆಗಳಲ್ಲಿ ಗಡಿಯ ಬಗೆಗೆ, ಶಾಸ್ತ್ರೀಯ ಭಾಷೆಯ ಬಗೆಗೆ, ವಿಮಾನ ನಿಲ್ದಾಣದ ಹೆಸರಿನ ಬಗೆಗೆ ನಿರ್ಣಯಗಳನ್ನು ಕಂಡಿದ್ದೇನೆ. ಸಹ್ಯಾದ್ರಿಯ ಬಗೆಗೆ ಒಂದು ಸಾಲಿನ ನಿರ್ಣಯವನ್ನೂ ಕಂಡಿಲ್ಲ. ಹತ್ತದ ಬೆಟ್ಟದ ಬಗೆಗೆ ನೋವಾಗುವುದಾದರೂ ಹೇಗೆ?

ಆಕ್ಷೇಪಗಳು ನನಗೆ ಗೊತ್ತು. ವಯಸ್ಸಾದವರೇನು ಮಾಡಬೇಕು? ಕಾನ್ಹೇರಿಗೆ ಉದ್ಯಾನದೊಳಗಿನ ಬಸ್ಸಿದೆ. ಮೋಟಾರುಗಳಿಗೆ ಪ್ರವೇಶವಿಲ್ಲದ ಮಾಥೇರಾನಿನಲ್ಲಿ ಮರಗಳ ನೆರಳಿನ ಸಮತಟ್ಟಾದ ದಾರಿಗಳಿವೆ. ನನ್ನ ಅಕ್ಕನಿಗೆ ಅರವತ್ತೆಂಟು. ಖರ್ಚು? ಸಾಂತಾಕ್ರೂಜಿನಿಂದ ಕರ್ಜತಿಗೆ ಲೋಕಲಿನ ಎರಡನೆಯ ದರ್ಜೆಯ ಟಿಕೇಟು ನಮ್ಮದೇ ಹೋಟೆಲುಗಳ ಒಂದು ಮಸಾಲೆದೋಸೆಗಿಂತ ಅಗ್ಗ. ರಿಸಾರ್ಟಿಗೆ ತಲೆಯೊಂದಕ್ಕೆ ವಸೂಲು ಮಾಡಿದ ಹಣದಲ್ಲಿ ಒಂದು ಕುಟುಂಬ ಚಳಿಗಾಲವಿಡೀ ಬೆಟ್ಟ ಹತ್ತಬಹುದು. ಹೋಟೆಲು ಕಾರ್ಮಿಕರೂ ವಾಚ್‌ಮನ್ನರೂ ಆಗ ಬಳಗದ ವಿಹಾರಕ್ಕೆ ಬಂದಾರು. ಅಪಾಯ? ಅಕ್ಟೋಬರದಿಂದ ಫೆಬ್ರವರಿಯ ವರೆಗೆ ಹೋಗಿ, ದಾರಿ ಬಲ್ಲವರೊಂದಿಗೆ ಹೋಗಿ, ಕತ್ತಲೆಗೆ ಮುನ್ನ ಇಳಿಯಿರಿ. ಆ ದಾರಿ ಬಲ್ಲವರು ಬಹುತೇಕ ನಮ್ಮ ಮರಾಠಿ ನೆರೆಯವರೇ ಆಗಿರುತ್ತಾರೆ. ಅವರನ್ನು ಕರೆಯಿರಿ, ನಮ್ಮ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುವುದಕ್ಕಿಂತ ಅದು ಒಳ್ಳೆಯ ನಂಟು.

ಬಳಗಗಳು ಒಂದು ಚಳಿಗಾಲ ಮಾಡಿ ನೋಡಲಿ. ತಿಂಗಳಿಗೆ ಒಂದು ಭಾನುವಾರ. ಮನೆಯ ಬುತ್ತಿ, ಇಲ್ಲವೆ ವಾಡಿಯ ಮನೆಯಲ್ಲಿ ಕೇಳಿದಷ್ಟು ಕೊಟ್ಟು ಊಟ. ಒಯ್ದ ಕಸ ಮರಳಿ ತರುವುದು. ಧ್ವನಿವರ್ಧಕ ಇಲ್ಲ, ಅಧ್ಯಕ್ಷರಿಲ್ಲ, ಭಾಷಣವಿಲ್ಲ. ಮಕ್ಕಳಿಗೆ "ಕನ್ನಡದಲ್ಲಿ ಮಾತಾಡು" ಎಂದು ಯಾರೂ ಹೇಳಕೂಡದು. ದಾರಿ ತಾನೇ ಮಾತನಾಡಿಸುತ್ತದೆ. ಋತು ಮುಗಿದಾಗ ಹತ್ತು ಮನೆಗಳೂ ಬರಲಿಲ್ಲವೆಂದಾದರೆ ಇದೇ ಪತ್ರಿಕೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಬರೆಯುತ್ತೇನೆ, ಮತ್ತು ಮರುವರ್ಷ ಸದ್ದಿಲ್ಲದೆ ರಿಸಾರ್ಟಿನ ಬಸ್ಸು ಹತ್ತುತ್ತೇನೆ.

ಸಮಿತಿಯ ಠರಾವಿಗೆ ನಾವು ಕಾಯುವುದಿಲ್ಲ. ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಗ್ಗೆ ಏಳಕ್ಕೆ ಸಾಂತಾಕ್ರೂಜ್ ನಿಲ್ದಾಣದ ಪೂರ್ವ ಬದಿಯ ಟಿಕೇಟು ಕಿಟಕಿಯ ಬಳಿ ನಾವು ನಾಲ್ಕು ಮನೆಯವರು ನಿಂತಿರುತ್ತೇವೆ. ಮೊದಲ ನಡಿಗೆ ನೃಪತುಂಗನ ಹೆಸರಿರುವ ಬೆಟ್ಟಕ್ಕೆ. ಬರುವವರು ಕಾಲಿಗೆ ಗಟ್ಟಿ ಚಪ್ಪಲಿ ಮೆಟ್ಟಿಕೊಂಡು, ನೀರು ಹಿಡಿದುಕೊಂಡು, ಮನೆಯ ಎಲ್ಲರಿಗಿಂತ ಚಿಕ್ಕವರನ್ನೂ ಎಲ್ಲರಿಗಿಂತ ಹಿರಿಯರನ್ನೂ ಕರೆದುಕೊಂಡು ಬನ್ನಿ. ಗುಡ್ಡವೋ ಬೆಟ್ಟವೋ ಎಂಬ ಜಗಳ ಇನ್ನೂ ತೀರ್ಮಾನವಾಗಿಲ್ಲ.